ಹಳೆಯ ಮರದ 'ಕ್ಯಾರೆಕ್ಟರ್': ಚಹರೆಯೋ, ನಿಲುವೋ?

ಮಂಜು ಕವಿದ ಕಾಡಿನಲ್ಲಿ ಹಳೆಯ ಮರಗಳ ಫೋಟೋ ತೆಗೆಯುವುದರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದ ತಡೆಯಾಗಿ ನಿಂತಿದೆ. ಈ ಹವ್ಯಾಸದವರು ಮಾತುಮಾತಿಗೂ "ಈ ಮರಕ್ಕೆ ಕ್ಯಾರೆಕ್ಟರ್ ಇದೆ" ಅನ್ನುತ್ತಾರೆ. ನೆಟ್ಟಗೆ ಎತ್ತರಕ್ಕೆ ಬೆಳೆದ ಮರಕ್ಕೆ ಈ ಮಾತು ಬರುವುದು ಕಡಿಮೆ. ತಿರುಚಿಕೊಂಡ ಬೊಡ್ಡೆ, ಒಣಗಿ ಮುರಿದ ನೆತ್ತಿ, ಪೊಟರೆ, ಗಂಟು, ಮೈತುಂಬ ಪಾಚಿ, ಇವೆಲ್ಲ ಸೇರಿ "ಇಂಥದ್ದು ಇದೊಂದೇ" ಅನ್ನಿಸಿದಾಗ ಬರುವ ಮಾತು ಅದು. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಕೈಗೆ ಸಿಗುವ ಪದಗಳನ್ನೆಲ್ಲ ಒಂದೊಂದಾಗಿ ಮರದ ಪಕ್ಕ ಇಟ್ಟು ನೋಡಿದೆ. 'ಪಾತ್ರ' ನಾಟಕಕ್ಕೆ ಸೇರಿದ್ದು. 'ನಡತೆ', 'ಶೀಲ' ಮನುಷ್ಯರಿಗೆ ಮಾತ್ರ. 'ಮರದ ಗುಣ' ಅಂದರೆ ಓದುಗರು ಔಷಧಿಯನ್ನೋ ಮರಮುಟ್ಟನ್ನೋ ನೆನೆಯುತ್ತಾರೆ. 'ವ್ಯಕ್ತಿತ್ವ' ಹತ್ತಿರಕ್ಕೆ ಬರುತ್ತದೆ. ಆದರೆ ಫೋಟೋದ ಅಡಿಬರಹದಲ್ಲಿ ಅದು ತುಂಬ ಭಾರ. ಮರವನ್ನು ಮನುಷ್ಯನನ್ನಾಗಿ ಮಾಡಿಬಿಡುತ್ತದೆ. 'ಕಳೆ' ನನಗೆ ಇಷ್ಟದ ಪದ. ಮುಖದಲ್ಲಿ ಕಳೆ ಇದೆ ಅನ್ನುತ್ತೇವಲ್ಲ, ಆ ಕಳೆ. ಆದರೆ "ಕಳೆ ಇರುವ ಮರ" ಅಂದರೆ ಬುಡದಲ್ಲಿ ಕಳೆ ಬೆಳೆದಿದೆ ಅಂತಲೇ ಕೇಳಿಸುತ್ತದೆ. 'ಗತ್ತು', 'ಠೀವಿ' ಕೆಲವು ಮರಗಳಿಗೆ ಚೆನ್ನಾಗಿ ಒಪ್ಪುತ್ತವೆ, ಅಗಲಕ್ಕೆ ಕೊಂಬೆ ಚಾಚಿ ನಿಂತ ಹೆಮ್ಮರಕ್ಕೆ ವಿಶೇಷವಾಗಿ. ನೆಲಕ್ಕೆ ಬಾಗಿ, ಅರ್ಧ ಒಣಗಿ, ಆದರೂ ಚಿಗುರುತ್ತಿರುವ ಮರಕ್ಕೆ ಒಪ್ಪುವುದಿಲ್ಲ.

ಕೊನೆಗೆ ಉಳಿದವು ಎರಡು: 'ಚಹರೆ' ಮತ್ತು 'ನಿಲುವು'. ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಿಲ್ಲ, ಎರಡೂ ಬೇಕು ಎಂಬುದು ನನ್ನ ಅನಿಸಿಕೆ. ಕ್ಯಾರೆಕ್ಟರ್ ಎಂಬ ಒಂದೇ ಪದದೊಳಗೆ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ಮಂಜು ಅವನ್ನು ಬಿಡಿಸಿ ತೋರಿಸುತ್ತದೆ.

ಚಹರೆ ಅಂದರೆ ಮೈಮೇಲಿನ ಗುರುತುಗಳು. ಹಳೆಯ ಮರದಲ್ಲಿ ಇದು ಬಲು ಶ್ರೀಮಂತ. ಕೊಂಬೆ ಮುರಿದ ಜಾಗದ ಸುತ್ತ ತೊಗಟೆ ತುಟಿಯ ಹಾಗೆ ಉಬ್ಬಿ ಬಂದಿರುತ್ತದೆ. ನಾವು ಅದನ್ನು "ಮಾಯ್ದ ಗಾಯ" ಅಂದುಬಿಡುತ್ತೇವೆ, ಆದರೆ ಮರದ ಗಾಯ ಮಾಯುವುದಿಲ್ಲ. ನಮ್ಮ ಚರ್ಮದಂತೆ ಹಾಳಾದ ಜೀವಕೋಶಗಳ ಜಾಗದಲ್ಲೇ ಹೊಸದು ಹುಟ್ಟುವುದಿಲ್ಲ. ಮರ ಆ ಭಾಗಕ್ಕೆ ಒಳಗಿನಿಂದ ಗೋಡೆ ಕಟ್ಟಿ ದೂರವಿಡುತ್ತದೆ, ಹೊರಗಿನಿಂದ ಹೊಸ ಪದರ ಬೆಳೆಸಿ ಮುಚ್ಚುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಇರುತ್ತದೆ. ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ವಿವರಿಸಿದರು. ಹಾಗಾಗಿ ಕೈಪಿಡಿಯಲ್ಲಿ 'ಮುಚ್ಚಿದ ಗಾಯ' ಎಂದೇ ಬರೆಯುತ್ತಿದ್ದೇನೆ. ಇದಕ್ಕೂ ಹಳೆಯ ಪದವೊಂದು ಬಡಗಿಗಳ ಬಾಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಪೊಟರೆಯ ವಿಷಯವೂ ಹೀಗೇ. ಟೊಳ್ಳಾದ ಮರ ಅಂದರೆ ಸಾಯುತ್ತಿರುವ ಮರ ಎಂದು ಜನ ತಿಳಿಯುತ್ತಾರೆ. ಮರದ ನಡುವಿನ ಚೇಗು ಜೀವಂತ ಭಾಗವಲ್ಲ. ಅಣಬೆಯ ಜಾತಿಯವು ಅದನ್ನು ನಿಧಾನವಾಗಿ ತಿಂದು ಹಾಕುತ್ತವೆ. ನೀರು ಮೇಲಕ್ಕೆ ಹೋಗುವುದು ಹೊರಗಿನ ಹಸಿ ಮರದಲ್ಲಿ, ಹೊಸ ಬೆಳವಣಿಗೆ ನಡೆಯುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಅವೆರಡು ಸರಿಯಾಗಿದ್ದರೆ ಒಳಗೆ ಖಾಲಿ ಇರುವ ಮರ ಬಹುಕಾಲ ಬಾಳುತ್ತದೆ. ಆದ್ದರಿಂದ ಪೊಟರೆ ಇರುವ ಮರಕ್ಕೆ 'ಗೊಡ್ಡು ಮರ' ಎಂಬ ಅಡಿಬರಹ ಕಂಡಾಗ ನನಗೆ ಬೇಸರವಾಗುತ್ತದೆ. ಗೊಡ್ಡು ಅಂದರೆ ಫಲ ಕೊಡದ್ದು. ಪೊಟರೆಯ ಮರ ಹಾಗಿರಬೇಕಿಲ್ಲ, ಅಲ್ವಾ? ಅದೂ ಅಲ್ಲದೆ ಗೂಬೆ, ಬಾವಲಿ, ಜೇನು ಎಲ್ಲಕ್ಕೂ ಅದು ಮನೆ. 'ಮೋಟು ಮರ', 'ಮುದಿ ಮರ', 'ಹೆಮ್ಮರ', 'ಒಣಮರ' ಇವೂ ಬೇರೆ ಬೇರೆಯೇ. ಹೆಮ್ಮರ ಗಾತ್ರದ ಮಾತು, ಮುದಿ ಮರ ವಯಸ್ಸಿನದು. ನೂರಾರು ವರ್ಷದ ಮರ ಗಾತ್ರದಲ್ಲಿ ಕುಳ್ಳಗಿರಬಹುದು.

ಇನ್ನು ನಿಲುವು. ಮರ ನಿಂತ ರೀತಿ, ಅದರ ಒಟ್ಟು ಆಕಾರ. ಎಲ್ಲಿ ಬಾಗಿದೆ, ಎಲ್ಲಿ ಕವಲೊಡೆದಿದೆ, ಎತ್ತ ವಾಲಿದೆ. ಇದರ ಹಿಂದೆಯೂ ಕಾರಣಗಳಿವೆ. ಒಂದೇ ದಿಕ್ಕಿನಿಂದ ಸದಾ ಗಾಳಿ ಹೊಡೆಯುವಲ್ಲಿ ಆ ಬದಿಯ ಮೊಗ್ಗುಗಳು ಒಣಗಿ ಸಾಯುತ್ತವೆ. ಕೊಂಬೆಗಳು ಎದುರು ಬದಿಗೆ ಮಾತ್ರ ಬೆಳೆಯುತ್ತವೆ. ವಯಸ್ಸಾದ ಮರ ನೆತ್ತಿಯನ್ನು ಒಣಗಲು ಬಿಟ್ಟು ಕೆಳಗೆ ಹೊಸದಾಗಿ ಚಿಗುರುತ್ತದೆ. ಆಗ ಒಣ ಕೊಂಬೆಗಳು ಹಸಿರಿನ ಮೇಲೆ ಕೋಡಿನಂತೆ ಎದ್ದು ನಿಲ್ಲುತ್ತವೆ. ಯೂರೋಪಿನಲ್ಲಿ ಕೆಲವು ಮರಗಳನ್ನು ದನಕುರಿಗಳ ಬಾಯಿಗೆ ಎಟುಕದ ಎತ್ತರದಲ್ಲಿ ಮತ್ತೆ ಮತ್ತೆ ಕಡಿದು ಹೊಸ ಕೊಂಬೆ ಬರಿಸುತ್ತಿದ್ದರು. ಅಂಥ ಮರದ ಬೊಡ್ಡೆ ಗಿಡ್ಡ, ತಲೆ ದಪ್ಪ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಮರಕ್ಕೇ ಅನ್ವಯಿಸಿ ನೋಡಿದರೂ ಬಹುಮಟ್ಟಿಗೆ ನಿಜ. ಬೊಡ್ಡೆಯ ದೊಡ್ಡ ತಿರುವುಗಳು ಸಾಮಾನ್ಯವಾಗಿ ಎಳೆಯ ಕಾಲದವು.

ಈಗ ಮಂಜಿಗೆ ಬರೋಣ. ಮಂಜಿಲ್ಲದ ಕಾಡಿನಲ್ಲಿ ಒಂದು ಮರವನ್ನು ಬೇರ್ಪಡಿಸಿ ತೋರಿಸುವುದು ತುಂಬ ಕಷ್ಟ. ಹಿಂದೆ ನೂರು ಕೊಂಬೆ, ಸಾವಿರ ಎಲೆ, ನಡುನಡುವೆ ಬಿಳಿ ಆಕಾಶದ ತುಣುಕು. ಕಣ್ಣಿಗೆ ಆಳ ಗೊತ್ತಾಗುತ್ತದೆ, ಫೋಟೋದಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮಂಜಿನ ಸಣ್ಣ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಮ್ಮಿ ಒಂದೇ ಸಮ ಚದುರಿಸುತ್ತವೆ. ಅದಕ್ಕೇ ಅದು ಬೆಳ್ಳಗೆ ಕಾಣುವುದು. ಮರ ದೂರವಿದ್ದಷ್ಟೂ ನಡುವೆ ಹನಿಗಳು ಜಾಸ್ತಿ, ಮರ ಮಸುಕು. ಹತ್ತಿರದ ಮರ ಕಪ್ಪಗೆ, ಅದರ ಹಿಂದಿನದು ಬೂದು, ಅದರಾಚೆಯದು ಇಲ್ಲವೇ ಇಲ್ಲ ಅನ್ನುವಷ್ಟು ತೆಳು. ದಟ್ಟ ಮಂಜಿನಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ದೂರದ ಮರದ ತೊಗಟೆಯ ಗೆರೆ, ಗಂಟು, ಪಾಚಿ ಎಲ್ಲ ಅಳಿಸಿಹೋಗಿ ಆಕಾರವಷ್ಟೇ ಉಳಿಯುತ್ತದೆ. ಅಂದರೆ ಚಹರೆ ಹೋಗುತ್ತದೆ, ನಿಲುವು ಉಳಿಯುತ್ತದೆ. ಅದೇ ಮರದ ಹತ್ತಿರ ಹೋಗಿ ಅದರ ಬೊಡ್ಡೆಯ ಮುಂದೆ ನಿಂತರೆ ಹಿನ್ನೆಲೆ ಅಳಿದು ಚಹರೆ ಎದ್ದುಬರುತ್ತದೆ. ಎರಡೂ ಬೇರೆ ಫೋಟೋಗಳು. ಬೇಕಾಗುವ ಕೆಲಸವೂ ಬೇರೆ.

ನಿಲುವಿನ ಫೋಟೋಗೆ ನಡೆದಾಟವೇ ಮುಖ್ಯ. ಒಂದು ಮರದ ಕೊಂಬೆ ಪಕ್ಕದ ಮರದ ಮೇಲೆ ಬೀಳದ ಜಾಗ ಸಿಗುವವರೆಗೆ ಎಡಕ್ಕೆ ಬಲಕ್ಕೆ ಸರಿಯಬೇಕು. ಎರಡು ಹೆಜ್ಜೆಯಲ್ಲೇ ಚಿತ್ರ ಬದಲಾಗುತ್ತದೆ. ಕ್ಯಾಮೆರಾ ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದೆಂದು ಎಣಿಸಿ ಬೆಳಕು ಅಳೆಯುತ್ತದೆ, ಹಾಗಾಗಿ ಬೆಳ್ಳನೆ ಮಂಜು ಕೊಳಕು ಬೂದು ಬಣ್ಣಕ್ಕೆ ತಿರುಗುತ್ತದೆ. ಎಕ್ಸ್‌ಪೋಶರ್ ಅನ್ನು, ಅಂದರೆ ಫೋಟೋಗೆ ಬೀಳುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ಏರಿಸಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಫೋಕಸ್ ತಡಕಾಡಿದರೆ ಬೊಡ್ಡೆಯ ಕಪ್ಪು ಅಂಚಿಗೆ ಹಿಡಿಯಬೇಕು, ಇಲ್ಲವೇ ಕೈಯಿಂದಲೇ ಮಾಡಬೇಕು. ಚಹರೆಯ ಫೋಟೋಗೆ ಪೋಲರೈಸರ್ ಫಿಲ್ಟರ್ ಒಳ್ಳೆಯದು. ಒದ್ದೆ ಎಲೆ, ಒದ್ದೆ ಪಾಚಿಯ ಮೇಲಿನ ಬಿಳಿ ಹೊಳಪು ಇಳಿದು ಹಸಿರು ಕಾಣುತ್ತದೆ. ಬೆಳಕು ಕಡಿಮೆ, ಟ್ರೈಪಾಡ್ ಬೇಕು. ಲೆನ್ಸ್ ಮೇಲಿನ ಹನಿ ಒರೆಸಲು ಬಟ್ಟೆ ಜೇಬಿನಲ್ಲಿರಲಿ.

ಎರಡಕ್ಕೂ ಲೋಕದಲ್ಲಿ ಹೆಸರಾದ ಜಾಗಗಳಿವೆ. ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ ಫನಾಲ್‌ನಲ್ಲಿ ಹುಲ್ಲುಗಾವಲಿನ ನಡುವೆ ಲಾರೆಲ್ ಕುಟುಂಬದ ಟಿಲ್ ಎಂಬ ಮರಗಳು ದೂರ ದೂರ ನಿಂತಿವೆ. ಮೋಡ ಇಳಿದು ಅಲ್ಲೇ ಮಂಜಾಗುತ್ತದೆ. ಅಲ್ಲಿನ ಫೋಟೋಗಳಲ್ಲಿ ಎದ್ದು ಕಾಣುವುದು ನಿಲುವು. ಆ ದ್ವೀಪದ ಲಾರೆಲ್ ಕಾಡು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿರುವ ವಿಸ್ಟ್‌ಮನ್ಸ್ ವುಡ್ ಚಹರೆಯ ಕಾಡು. ಗ್ರಾನೈಟ್ ಬಂಡೆಗಳ ನಡುವೆ ಕುಳ್ಳ ಓಕ್ ಮರಗಳು, ಒಂದೊಂದರ ಮೇಲೂ ಪಾಚಿ, ಕಲ್ಲುಹೂ, ಜರಿಗಿಡ. ಅಲ್ಲಿ ಜನರ ಕಾಲ್ತುಳಿತದಿಂದ ಪಾಚಿ ಹಾಳಾಗುತ್ತಿದೆ. ಒಳಗೆ ಹೋಗದೆ ಅಂಚಿನಲ್ಲೇ ನಡೆಯಿರಿ ಎಂದು ಕೇಳಿಕೊಳ್ಳುತ್ತಾರೆ. ಇದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇನೆ. ಎಲ್ಲ ಹಳೆಯ ಮರಕ್ಕೂ ಇದು ಸಲ್ಲುತ್ತದೆ. ಬುಡದ ಮಣ್ಣು ತುಳಿದು ಗಟ್ಟಿಯಾದರೆ ಬೇರಿಗೆ ಗಾಳಿ, ನೀರು ಸಿಗುವುದು ಕಡಿಮೆಯಾಗುತ್ತದೆ.

ಮಂಜಿನ ಪದದ ಬಗ್ಗೆಯೂ ಕೇಳಬೇಕಿದೆ. ಹವಾಮಾನದವರು ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಾಣುವುದಕ್ಕೆ ಫಾಗ್ ಎಂದೂ, ಅದಕ್ಕಿಂತ ತೆಳುವಾದರೆ ಮಿಸ್ಟ್ ಎಂದೂ ಹೇಳುತ್ತಾರೆ. ನಮಗೆ ಎರಡೂ ಮಂಜೇ. ಸಾಲದ್ದಕ್ಕೆ ಹೆಪ್ಪುಗಟ್ಟಿದ್ದೂ ಮಂಜೇ. 'ಮಂಜಿನಲ್ಲಿ ನಿಂತ ಮರ' ಅಂದರೆ ಕೆಲವರಿಗೆ ಬಿಳಿ ಹಿಮದಲ್ಲಿ ಹೂತ ಮರ ಕಾಣುತ್ತದೆ. 'ಇಬ್ಬನಿ' ಎಲೆಯ ಮೇಲೆ ಕೂತ ಹನಿ, ಗಾಳಿಯಲ್ಲಿ ತೇಲುವುದಲ್ಲ. ಹಳೆಗನ್ನಡದ 'ಕಾವಳ'ಕ್ಕೆ ಮಂಜು, ಕತ್ತಲೆ ಎರಡು ಅರ್ಥವೂ ಇವೆ. ದಟ್ಟ ಮಂಜಿಗೆ 'ಕಾವಳ', ತೆಳುವಿಗೆ 'ಮಬ್ಬು' ಎಂದು ಇಟ್ಟುಕೊಂಡರೆ ಹೇಗೆ? ಬೆಳ್ಳನೆಯ ಮಂಜಿಗೆ ಕತ್ತಲೆಯ ನೆರಳಿರುವ ಪದ ಸಲ್ಲುತ್ತದೆಯೇ ಎಂಬುದೊಂದೇ ನನ್ನ ಅನುಮಾನ.

ಹಾಗಾಗಿ ಮೂರು ಕಡೆ ನಿಮ್ಮ ಕಿವಿ ಬೇಕು. "ಈ ಮರಕ್ಕೆ ಒಳ್ಳೆ ನಿಲುವಿದೆ" ಅಂದಾಗ ಅಭಿಪ್ರಾಯ ಎಂಬ ಅರ್ಥ ಅಡ್ಡ ಬರುತ್ತದೆಯೇ? ಪೋಲೀಸರ 'ಗುರುತಿನ ಚಹರೆ' ನೆನಪಾಗದೆ ಮರದ ಚಹರೆ ಎಂದು ಓದಲು ಆಗುತ್ತದೆಯೇ? 'ಕಾವಳ' ಎಂಬ ಪದ ಇಂದಿಗೂ ಯಾರ ಮನೆಮಾತಿನಲ್ಲಾದರೂ ಇದೆಯೇ, ಇದ್ದರೆ ಯಾವ ಅರ್ಥದಲ್ಲಿ?