ಹಳೆಯ ಕಂಪ್ಯೂಟರಿನಿಂದ ಹೊಸ ಲ್ಯಾಪ್‌ಟಾಪಿಗೆ: ನುಡಿ ಫೈಲುಗಳನ್ನೂ ಧ್ವನಿಮುದ್ರಣಗಳನ್ನೂ ಸಾಗಿಸುವುದು ಹೇಗೆ?

ಪ್ರಶ್ನೆ: ಶಹಾಪುರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಕನ್ನಡ ಉಪನ್ಯಾಸಕಿ. ಶಹಾಪುರ, ಸುರಪುರ, ಜೇವರ್ಗಿ ಕಡೆಯ ಹಳ್ಳಿಗಳ ಭಜನಾ ಮೇಳದವರು ಹಾಡುವ ತತ್ವಪದಗಳನ್ನು, ಅದರಲ್ಲೂ ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದಗಳನ್ನು, ಹಲವು ವರ್ಷಗಳಿಂದ ಧ್ವನಿಮುದ್ರಿಸಿಕೊಂಡು, ಕೇಳಿ ಬರೆದು, ಬೆರಳಚ್ಚು ಮಾಡಿಟ್ಟಿದ್ದೇನೆ. ಇದೆಲ್ಲವೂ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿದೆ. ಅದರ 500 ಜಿಬಿ ಡಿಸ್ಕಿನಲ್ಲಿ ಸುಮಾರು 300 ಜಿಬಿ ತುಂಬಿದೆ. ಈಗ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊಂಡಿದ್ದೇನೆ; ಅದರಲ್ಲಿ 512 ಜಿಬಿಯ ಎಸ್‌ಎಸ್‌ಡಿ ಇದೆ.

ಪಠ್ಯಗಳಲ್ಲಿ ಹೆಚ್ಚಿನವು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚಾದ ವರ್ಡ್ ಫೈಲುಗಳು, ಈಚಿನ ಕೆಲವು ಮಾತ್ರ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡಿನ ತುಂಗಾ ಫಾಂಟಿನಲ್ಲಿವೆ. ಒಂದು ಕಿರುಹೊತ್ತಿಗೆಗಾಗಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಮಾಡಿಸಿದ ಪುಟಗಳೂ ಇವೆ. ಹಾಡುಗಳು ವೇವ್ ರೂಪದಲ್ಲಿವೆ, ಜಾತ್ರೆಗಳಲ್ಲಿ ಕ್ಯಾಸೆಟ್ ಕ್ಯಾಮೆರಾದಿಂದ ತೆಗೆದ ವಿಡಿಯೋಗಳು ಬೇರೆ. ಯಾವ ಪದ ಯಾವ ಧ್ವನಿಮುದ್ರಣದಲ್ಲಿದೆ ಎಂಬ ಸೂಚಿಯನ್ನು ಎಕ್ಸೆಲ್‌ನಲ್ಲಿ ಮಾಡಿ, ಪ್ರತಿ ಸಾಲಿನಿಂದ ಆಯಾ ಹಾಡಿಗೆ ಕೊಂಡಿ ಹಾಕಿಟ್ಟಿದ್ದೇನೆ. ಜಿಲ್ಲೆಯ ಹೆಸರು 2014ರ ನವೆಂಬರಿನಲ್ಲಿ ಬದಲಾಗುವ ಮುಂಚಿನವು ‘ಗುಲಬರ್ಗಾ’ ಎಂಬ ಫೋಲ್ಡರಿನಲ್ಲಿಯೂ ಆಮೇಲಿನವು ‘ಕಲಬುರಗಿ’ ಎಂಬುದರಲ್ಲಿಯೂ ಇದ್ದು, ಸಾಗಿಸುವ ಮೊದಲು ಇವೆರಡನ್ನೂ ಒಂದು ಮಾಡಿಬಿಡೋಣವೇ ಎಂದು ಯೋಚಿಸುತ್ತಿದ್ದೇನೆ.

ಪರೀಕ್ಷೆಗೆಂದು ಒಂದು ವರ್ಡ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ತೆರೆದರೆ, ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು, ಚುಕ್ಕೆಗಳಿರುವ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ದೊಡ್ಡದೊಂದು ವಿಡಿಯೋ ಪೆನ್‌ಡ್ರೈವಿಗೆ ಹೋಗುವುದೇ ಇಲ್ಲ, ಅದರಲ್ಲಿ ಜಾಗವಿದ್ದರೂ ಫೈಲು ತೀರಾ ದೊಡ್ಡದೆಂಬ ಸಂದೇಶ ಬರುತ್ತದೆ. ಫೈಲು ಕೆಟ್ಟಿದೆಯೇ, ಅಥವಾ ನಾನು ಸಾಗಿಸುವ ಕ್ರಮ ತಪ್ಪೇ? ಎಲ್ಲವನ್ನೂ ಒಮ್ಮೆಗೇ ಸುರಕ್ಷಿತವಾಗಿ ತರುವ ದಾರಿಯನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕಲಬುರಗಿಯ ಡಿಟಿಪಿ ಕೆಲಸಗಾರ

ಮೇಡಂ, ತಮ್ಮ ಫೈಲು ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿರುತ್ತವೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವ ಪಠ್ಯ, ಇಲ್ಲದ ಕಂಪ್ಯೂಟರಿನಲ್ಲಿ ತಾವು ಹೇಳಿದ ಹಾಗೆಯೇ ಕಾಣುತ್ತದೆ. ಸ್ಟೇಷನ್ ರೋಡಿನ ನಮ್ಮ ಅಂಗಡಿಗೆ ಇದೇ ದೂರಿನೊಂದಿಗೆ ಬರುವವರು ಬಹಳ, ಮತ್ತು ಅವರಲ್ಲಿ ಕೆಲವರು ಅಷ್ಟರಲ್ಲಾಗಲೇ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿಬಿಟ್ಟಿರುತ್ತಾರೆ. ಫೈಲುಗಳನ್ನು ನಕಲು ಮಾಡುವುದು ಈ ಕೆಲಸದಲ್ಲಿ ಸುಲಭದ ಪಾಲು. ಅವುಗಳನ್ನು ಓದಲು ಬೇಕಾದ ಫಾಂಟು, ತಂತ್ರಾಂಶಗಳು ಹೊಸ ಕಂಪ್ಯೂಟರಿನಲ್ಲಿ ಇವೆಯೇ ಎಂದು ಮೊದಲೇ ನೋಡಿಕೊಳ್ಳುವುದರಲ್ಲಿ ನಿಜವಾದ ಕೆಲಸವಿದೆ.

ಆದ್ದರಿಂದ ಹಳೆಯ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಫಾಂಟ್ಸ್ ಫೋಲ್ಡರನ್ನು ಮೊದಲು ತೆರೆಯಿರಿ. ನುಡಿ, ಬರಹ, ಶ್ರೀಲಿಪಿ ಇತ್ಯಾದಿ ಕನ್ನಡ ತಂತ್ರಾಂಶಗಳ ಎಲ್ಲ ಫಾಂಟುಗಳನ್ನೂ ಬೇರೊಂದು ಫೋಲ್ಡರಿಗೆ ನಕಲು ಮಾಡಿ, ಹೊಸ ಲ್ಯಾಪ್‌ಟಾಪಿನಲ್ಲಿ ಅವುಗಳ ಮೇಲೆ ಬಲಗುಂಡಿ ಒತ್ತಿ, ‘ಎಲ್ಲ ಬಳಕೆದಾರರಿಗೂ ಸ್ಥಾಪಿಸು’ ಎಂಬ ಅರ್ಥದ ಆಯ್ಕೆಯನ್ನು ಆರಿಸಿರಿ. ಬರಿದೆ ‘ಇನ್‌ಸ್ಟಾಲ್’ ಎಂದರೆ ಫಾಂಟು ತಮ್ಮೊಬ್ಬರ ಖಾತೆಗಷ್ಟೇ ಸೇರುತ್ತದೆ, ಕೆಲವು ಹಳೆಯ ತಂತ್ರಾಂಶಗಳಿಗೆ ಅದು ಕಾಣುವುದಿಲ್ಲ. ಇಷ್ಟಾದ ಮೇಲೆ ಅದೇ ವರ್ಡ್ ಫೈಲನ್ನು ತೆರೆದರೆ ಕನ್ನಡ ಮರಳಿ ಬರಬೇಕು.

ತುಂಗಾ ಫಾಂಟಿನ ಫೈಲುಗಳಿಗೆ ಇಷ್ಟು ಕಷ್ಟವಿಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಜೊತೆಯಲ್ಲಿಯೇ ಬರುತ್ತಿದ್ದ ತುಂಗಾ, ವಿಂಡೋಸ್ 10ರಿಂದೀಚೆಗೆ ಐಚ್ಛಿಕ ಭಾಗವಾಗಿದೆ. ಅದಿಲ್ಲದಿದ್ದರೂ ನಿರ್ಮಲಾ ಫಾಂಟಿನಲ್ಲಿ ಅಕ್ಷರಗಳು ಸರಿಯಾಗಿಯೇ ಕಾಣುತ್ತವೆ, ಆದರೆ ಸಾಲುಗಳ ಅಳತೆ ಬದಲಾಗಿ ಪುಟಗಳು ಹಿಂದೆಮುಂದೆ ಸರಿಯುತ್ತವೆ. ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ ವಿಭಾಗದಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಂಡರೆ ತುಂಗಾ ಬರುತ್ತದೆ.

ಪೇಜ್‌ಮೇಕರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಆ ಫೈಲುಗಳನ್ನು ತೆರೆಯುತ್ತದೆ ನಿಜ, ಆದರೆ ವಿನ್ಯಾಸ ಇದ್ದಂತೆಯೇ ಉಳಿಯುತ್ತದೆಂದು ನಂಬಲಾಗದು. ಹಳೆಯ ಕಂಪ್ಯೂಟರು ಚೆನ್ನಾಗಿ ನಡೆಯುತ್ತಿರುವಾಗಲೇ ಆ ಪುಟಗಳನ್ನೂ ಮುಖ್ಯವಾದ ನುಡಿ ಪಠ್ಯಗಳನ್ನೂ ಫಾಂಟು ಒಳಗೊಂಡ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮೂಲ ಫೈಲುಗಳು ಹೇಗೂ ಇರುತ್ತವೆ. ಮುಂದೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಹೇಗಿತ್ತೆಂದು ತೋರಿಸಲು ಪಿಡಿಎಫ್ ಬೇಕಾಗುತ್ತದೆ.

ಗುಲಬರ್ಗಾ, ಕಲಬುರಗಿ ಫೋಲ್ಡರುಗಳನ್ನು ಈಗ ಖಂಡಿತ ಒಂದು ಮಾಡಬೇಡಿ. ಎಕ್ಸೆಲ್‌ನ ಕೊಂಡಿಗಳೂ ಪೇಜ್‌ಮೇಕರಿನ ಚಿತ್ರಗಳೂ ಫೋಲ್ಡರಿನ ಹೆಸರನ್ನು ನಂಬಿಕೊಂಡು ಕುಳಿತಿರುತ್ತವೆ. ಇದ್ದದ್ದನ್ನು ಇದ್ದ ಹಾಗೆಯೇ ತಂದು, ಎಲ್ಲವೂ ತೆರೆಯುತ್ತದೆಂದು ಖಚಿತವಾದ ಮೇಲೆ, ಹೊಸದರಲ್ಲಿ ಒಪ್ಪ ಮಾಡಿಕೊಳ್ಳಬಹುದು.

ಉತ್ತರ: ಬೀದರಿನ ಲ್ಯಾಬ್ ಸಹಾಯಕ

ಕಲಬುರಗಿಯ ಸರ್ ಓದುವಿಕೆಯ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಸಾಗಣೆಯ ಬಗ್ಗೆ ನಾನು ಹೇಳುತ್ತೇನೆ.

ವಿಡಿಯೋ ಹೋಗದಿರಲು ಕಾರಣ ಪೆನ್‌ಡ್ರೈವಿನ ಫಾರ್ಮ್ಯಾಟ್. ಫ್ಯಾಟ್ 32 ಎಂಬ ವ್ಯವಸ್ಥೆಯಲ್ಲಿ ಒಂದೇ ಫೈಲು 4 ಜಿಬಿಯನ್ನು ಮೀರುವಂತಿಲ್ಲ. ಕ್ಯಾಸೆಟ್ ಕ್ಯಾಮೆರಾದ ಡಿವಿ ವಿಡಿಯೋ ಗಂಟೆಗೆ ಸುಮಾರು 13 ಜಿಬಿ ಆಗುವುದರಿಂದ, ಅರ್ಧ ಗಂಟೆಯ ತುಣುಕೂ ಅದರಲ್ಲಿ ಹಿಡಿಸದು. ಇಷ್ಟು ಸಾಮಗ್ರಿಗೆ ಪೆನ್‌ಡ್ರೈವಿನ ಆಸೆ ಬಿಟ್ಟು, 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು, ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲಿ ಬಳಸುವುದು ಒಳ್ಳೆಯದು. ಸಾಗಣೆ ಮುಗಿದ ಮೇಲೆ ಅದೇ ತಮ್ಮ ಎರಡನೆಯ ಪ್ರತಿಯೂ ಆಗುತ್ತದೆ. ಹಳೆಯ ಡೆಸ್ಕ್‌ಟಾಪಿನಲ್ಲಿ ಯುಎಸ್‌ಬಿ 2.0 ಮಾತ್ರ ಇದ್ದರೆ ಸೆಕೆಂಡಿಗೆ 30 ಎಂಬಿಯಷ್ಟು ವೇಗ ಸಿಗುತ್ತದೆ. ಆ ಲೆಕ್ಕದಲ್ಲಿ 300 ಜಿಬಿಗೆ ಮೂರು ಗಂಟೆ ಹಿಡಿಯಬಹುದು, ಸಣ್ಣ ಫೈಲುಗಳು ಹೆಚ್ಚಿದ್ದರೆ ಇನ್ನೂ ಹೆಚ್ಚು. ನಮ್ಮ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಹೋಗುವುದೂ ಇದೆ, ಹಳೆಯ ಡಿಸ್ಕು ಕಾಯುವುದೂ ಇದೆ. ಯುಪಿಎಸ್ ಇಟ್ಟುಕೊಂಡು ಬೆಳಗಿನ ಜಾವ ಆರಂಭಿಸಿದರೆ ಎರಡೂ ತಪ್ಪುತ್ತವೆ.

ಮೌಸಿನಿಂದ ಎಳೆದು ಹಾಕುವ ಬದಲು, ವಿಂಡೋಸ್ 7ರಲ್ಲಿಯೇ ಇರುವ ರೋಬೋಕಾಪಿ ಎಂಬ ಆಜ್ಞೆಯನ್ನು ಬಳಸಿರಿ. ಎಳೆದು ಹಾಕಿದಾಗ ನಡುವೆ ಒಂದು ಫೈಲು ತೊಡಕಾದರೆ, ಯಾವುದು ಬಂದಿತು, ಯಾವುದು ಬಿಟ್ಟಿತು ಎಂದು ತಿಳಿಯದೆ ಮತ್ತೆ ಮೊದಲಿನಿಂದ ಆರಂಭಿಸುವಂತಾಗುತ್ತದೆ. ರೋಬೋಕಾಪಿಯನ್ನು ಮತ್ತೊಮ್ಮೆ ನಡೆಸಿದರೆ ಆಗಲೇ ಬಂದಿರುವುದನ್ನು ಬಿಟ್ಟು ಉಳಿದದ್ದನ್ನಷ್ಟೇ ತರುತ್ತದೆ, ಕೊನೆಯಲ್ಲಿ ವಿಫಲವಾದವುಗಳ ಲೆಕ್ಕವನ್ನೂ ಕೊಡುತ್ತದೆ. ವಿಂಡೋಸಿನ 260 ಅಕ್ಷರಗಳ ಮಿತಿಯನ್ನು ಮೀರಿದ ಉದ್ದನೆಯ ದಾರಿಗಳನ್ನೂ (ಅಂದರೆ ಫೋಲ್ಡರುಗಳ ಹೆಸರೂ ಫೈಲಿನ ಹೆಸರೂ ಸೇರಿದ ಪೂರ್ಣ ವಿಳಾಸಗಳನ್ನೂ) ಅದು ನಿಭಾಯಿಸುತ್ತದೆ. ಪದದ ಪಲ್ಲವಿಯನ್ನೇ ಫೈಲಿನ ಹೆಸರಾಗಿ ಇಟ್ಟಿದ್ದರೆ, ಫೋಲ್ಡರಿನೊಳಗೆ ಫೋಲ್ಡರು ಸೇರಿ ಈ ಮಿತಿ ಬೇಗನೆ ಮೀರುತ್ತದೆ. ಕನ್ನಡದಲ್ಲಿ ಒತ್ತಕ್ಷರ, ಗುಣಿತಗಳು ಪ್ರತ್ಯೇಕವಾಗಿ ಎಣಿಕೆಯಾಗುವುದರಿಂದ ಇನ್ನೂ ಬೇಗ.

ಎರಡು ಎಚ್ಚರಿಕೆಗಳಿವೆ. ತಾನಾಗಿ ಬಿಟ್ಟರೆ ರೋಬೋಕಾಪಿ ವಿಫಲವಾದ ಒಂದೊಂದು ಫೈಲಿಗೂ 30 ಸೆಕೆಂಡು ಕಾದು, 10 ಲಕ್ಷ ಬಾರಿ ಮರುಪ್ರಯತ್ನಿಸುತ್ತದೆ. ಇದು ಉತ್ಪ್ರೇಕ್ಷೆಯಲ್ಲ, ಅದರ ಮೂಲ ಹೊಂದಿಕೆಯೇ ಹಾಗಿದೆ. ಮರುಪ್ರಯತ್ನವನ್ನೂ ಕಾಯುವಿಕೆಯನ್ನೂ 1ಕ್ಕೆ ಇಳಿಸಿಕೊಳ್ಳಬೇಕು. ಇನ್ನೊಂದು, ‘ಮಿರರ್’ ಎಂಬ ಆಯ್ಕೆಯನ್ನು ಮುಟ್ಟಲೇಬೇಡಿ. ಮೂಲದಲ್ಲಿ ಇಲ್ಲದ್ದೆಲ್ಲವನ್ನೂ ಅದು ತಲುಪುವ ಕಡೆಯಲ್ಲಿ ಅಳಿಸಿಹಾಕುತ್ತದೆ.

ಲ್ಯಾಪ್‌ಟಾಪಿಗೆ ಇಳಿಸುವಾಗ ಡಾಕ್ಯುಮೆಂಟ್ಸ್ ಅಥವಾ ಡೆಸ್ಕ್‌ಟಾಪಿಗೆ ಹಾಕಬೇಡಿ. ವಿಂಡೋಸ್ 11ರಲ್ಲಿ ಅವು ಅನೇಕ ವೇಳೆ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವಿಗೆ ಜೋಡಣೆಯಾಗಿರುತ್ತವೆ. ಉಚಿತವಾಗಿ ಸಿಗುವ 5 ಜಿಬಿ ಜಾಗ ಒಂದೇ ವಿಡಿಯೋಕ್ಕೆ ತುಂಬಿ, ಜಾಗ ಕೊಳ್ಳಿ ಎಂಬ ಸಂದೇಶಗಳು ಬೆನ್ನು ಹತ್ತುತ್ತವೆ. ಹಳೆಯದರಲ್ಲಿ ಸಂಗ್ರಹ ‘ಡಿ’ ಡ್ರೈವಿನಲ್ಲಿ ಇದ್ದಿದ್ದರೆ, ಹೊಸದರಲ್ಲಿಯೂ ‘ಡಿ’ ವಿಭಾಗವೊಂದನ್ನು ಮಾಡಿ ಅದೇ ಹೆಸರಿನ ಫೋಲ್ಡರಿನಲ್ಲಿ ಇಳಿಸಿದರೆ ಎಕ್ಸೆಲ್ ಸೂಚಿಯ ಕೊಂಡಿಗಳು ಮುರಿಯದೆ ಉಳಿಯುತ್ತವೆ. ಲ್ಯಾಪ್‌ಟಾಪಿನ ಡಿಸ್ಕಿಗೆ ವಿಂಡೋಸಿನದೇ ಗೂಢಲಿಪಿಯ ಬೀಗವಾದ ಬಿಟ್‌ಲಾಕರ್ ಬಿದ್ದಿದೆಯೇ ಎಂದೂ ನೋಡಿಕೊಳ್ಳಿ, ಬಿದ್ದಿದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ರಿಪೇರಿಯವರೂ ಆ ಡಿಸ್ಕಿನಿಂದ ಏನನ್ನೂ ತೆಗೆಯಲಾರರು.

ಉತ್ತರ: ಸುರಪುರದ ಓದುಗ

ಇಷ್ಟೆಲ್ಲ ಮಾಡುವಾಗ ನುಡಿಯ ಪಠ್ಯವನ್ನು ಒಟ್ಟಿಗೇ ಯೂನಿಕೋಡಿಗೆ ಬದಲಾಯಿಸಿಬಿಡುವುದು ಮೇಲಲ್ಲವೇ? ಹಳೆಯ ಫಾಂಟನ್ನು ಹೊತ್ತುಕೊಂಡು ಎಷ್ಟು ದಿನ ತಿರುಗುವುದು? ನುಡಿಯಲ್ಲಿರುವ ಪಠ್ಯದಲ್ಲಿ ‘ಗುರುವೇ’ ಎಂದು ಹುಡುಕಿದರೆ ಕಂಪ್ಯೂಟರಿಗೆ ಏನೂ ಸಿಗುವುದಿಲ್ಲ. ತತ್ವಪದಗಳ ಸಂಗ್ರಹದಲ್ಲಿ ಹುಡುಕಲಾಗದಿದ್ದರೆ ಅರ್ಧ ಪ್ರಯೋಜನ ಹೋದ ಹಾಗೆಯೇ.

ಉತ್ತರ: ಕಲಬುರಗಿಯ ಡಿಟಿಪಿ ಕೆಲಸಗಾರ

ಬದಲಾಯಿಸಬೇಕು ಎಂಬುದನ್ನು ಒಪ್ಪುತ್ತೇನೆ, ಸಾಗಣೆಯ ದಿನವೇ ಬದಲಾಯಿಸಬೇಕು ಎಂಬುದನ್ನು ಒಪ್ಪಲಾರೆ. ಪರಿವರ್ತಕಗಳು ಬಹುಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತವೆ, ಆದರೆ ಅರ್ಕಾವತ್ತು ಬಂದ ಕಡೆ, ಒತ್ತಿನ ಮೇಲೆ ಒತ್ತು ಬಂದ ಕಡೆ ಎಡವುವುದುಂಟು. ಪಠ್ಯದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತವೆ. ತತ್ವಪದದಲ್ಲಿ ಆಡುಮಾತಿನ ರೂಪಗಳೂ ಉರ್ದು, ಮರಾಠಿಯ ಮಾತುಗಳೂ ಸೇರಿರುವುದರಿಂದ, ತಪ್ಪಾದದ್ದು ಯಂತ್ರದಿಂದಲೋ ಹಾಡಿದವರ ಉಚ್ಚಾರವೇ ಹಾಗಿತ್ತೋ ಎಂದು ಆಮೇಲೆ ಹೇಳುವುದು ಕಷ್ಟ. ಬದಲಾಯಿಸಿದ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು, ಪಿಡಿಎಫ್ ಅನ್ನು ಪಕ್ಕದಲ್ಲಿ ತೆರೆದುಕೊಂಡು, ಒಂದೊಂದನ್ನೇ ಕರಡು ತಿದ್ದುತ್ತ ಹೋಗಬೇಕು. ನುಡಿಯ ಮೂಲವನ್ನು ಎಂದಿಗೂ ಅಳಿಸಬಾರದು.

ಮರುಪ್ರಶ್ನೆ: ಶಹಾಪುರದ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಫಾಂಟುಗಳನ್ನು ಸ್ಥಾಪಿಸಿದ ಕೂಡಲೇ ವರ್ಡ್ ಫೈಲು ಸರಿಯಾಗಿ ತೆರೆಯಿತು. ಎಕ್ಸ್‌ಟರ್ನಲ್ ಡಿಸ್ಕಿಗೆ ಹೇಳಿದ್ದೇನೆ. ಇನ್ನು ಒಂದೇ ಸಂದೇಹ: ಎಲ್ಲವೂ ನಿಜವಾಗಿಯೂ ಬಂದಿದೆ ಎಂದು ತಿಳಿಯುವುದು ಹೇಗೆ, ಮತ್ತು ಆಮೇಲೆ ಹಳೆಯ ಕಂಪ್ಯೂಟರನ್ನು ಊರಿನ ಶಾಲೆಗೆ ಕೊಡಬಹುದೇ?

ಉತ್ತರ: ಬೀದರಿನ ಲ್ಯಾಬ್ ಸಹಾಯಕ

ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಫೈಲುಗಳ ಸಂಖ್ಯೆಯನ್ನೂ ಬೈಟುಗಳ ಮೊತ್ತವನ್ನೂ ಹೋಲಿಸಿರಿ. ಜಿಬಿಯ ಅಂಕಿ ದುಂಡಗಾಗಿರುವುದರಿಂದ ಅದನ್ನು ನಂಬದೆ, ಬೈಟುಗಳನ್ನೇ ನೋಡಬೇಕು. ಅವು ಸರಿಹೊಂದಿದ ಮೇಲೂ ಬೇರೆ ಬೇರೆ ವರ್ಷಗಳ ಹಾಡುಗಳನ್ನು ಆರಿಸಿ ಪೂರ್ತಿ ಕೇಳಿರಿ, ಏಕೆಂದರೆ ಹಳೆಯ ಡಿಸ್ಕಿನಲ್ಲಿಯೇ ಹಾಳಾಗಿದ್ದ ಫೈಲು ಅಷ್ಟೇ ಬೈಟುಗಳೊಂದಿಗೆ ಹಾಳಾಗಿಯೇ ಬಂದಿರುತ್ತದೆ. ಎಕ್ಸೆಲ್ ಸೂಚಿಯಿಂದಲೇ ಅವನ್ನು ತೆರೆದರೆ ಕೊಂಡಿಗಳ ಪರೀಕ್ಷೆಯೂ ಆಗುತ್ತದೆ.

ಕಂಪ್ಯೂಟರನ್ನು ಶಾಲೆಗೆ ಧಾರಾಳವಾಗಿ ಕೊಡಿ, ಆದರೆ ಅದರ ಹಾರ್ಡ್ ಡಿಸ್ಕನ್ನು ಬಿಚ್ಚಿಸಿಕೊಂಡು ಬೇರೆ ಡಿಸ್ಕು ಹಾಕಿಸಿ ಕೊಡಿ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿಯೇ ಮುಗಿದಿರುವುದರಿಂದ ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿಸಿದರೆ ಮಕ್ಕಳಿಗೂ ಅನುಕೂಲ. ಅಳಿಸಿದ ಫೈಲುಗಳನ್ನು ಮರಳಿ ತೆಗೆಯುವುದು ಇಂದು ಕಷ್ಟದ ಕೆಲಸವಲ್ಲ, ತಮ್ಮ ಡಿಸ್ಕಿನಲ್ಲಿ ಹಾಡಿದವರ ವಿಳಾಸ, ಫೋನ್ ನಂಬರುಗಳೂ ಇರಬಹುದು. ತೆಗೆದ ಡಿಸ್ಕಿನ ಮೇಲೆ ಒಳಗಿರುವುದನ್ನೂ ತೆಗೆದ ತಾರೀಖನ್ನೂ ಬರೆದು, ಲ್ಯಾಪ್‌ಟಾಪಿರುವ ಮನೆಯಲ್ಲಿ ಅಲ್ಲದೆ ಬೇರೆ ಮನೆಯಲ್ಲಿ ಇಡಿಸಿರಿ. ಮುಂದೆ ಎಂದಾದರೂ ಅದನ್ನು ಓದಬೇಕಾದರೆ ಡಿಸ್ಕಿನ ಸಾಟಾ ಎಂಬ ಕನೆಕ್ಟರನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ ಬೇಕು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ ಕರೆಂಟು ಸಾಲದು, ಆದ್ದರಿಂದ 12 ವೋಲ್ಟಿನ ಅಡಾಪ್ಟರು ಜೊತೆಗಿರುವ ಕೇಬಲನ್ನೇ ಕೇಳಿ ಕೊಳ್ಳಿರಿ.