ಗುಂಡುತೋಪಿನ ಲಂಟಾನ ತೆಗೆಯಲು ಸಹಾಯ ಬೇಕು

ಮಾನ್ಯರೇ,

ಹುಣಸೆ, ಹೊಂಗೆ, ನೇರಳೆ, ಇಪ್ಪೆ ಮರಗಳಿರುವ, ಕೋಲಾರ ಜಿಲ್ಲೆಯ ನಮ್ಮ ಗ್ರಾಮದ ಗುಂಡುತೋಪನ್ನು ಲಂಟಾನ ಎಂಬ ಕಳೆಪೊದೆ ಎಷ್ಟು ದಟ್ಟವಾಗಿ ಆವರಿಸಿದೆಯೆಂದರೆ, ಜನ ವಾಯುವಿಹಾರಕ್ಕೆ ಬಳಸುತ್ತಿದ್ದ ಕಾಲುದಾರಿಯೇ ಮುಚ್ಚಿಹೋಗಿದೆ. ಕಸ ಸುರಿಯುವವರಿಗೆ ಮಾತ್ರ ದಾರಿ ಹೇಗೋ ಸಿಗುತ್ತದೆ. ಪಂಚಾಯಿತಿಯ ಒಪ್ಪಿಗೆ ದೊರೆತಿದ್ದು, ಮುಂದಿನ ಭಾನುವಾರ ಬೆಳಿಗ್ಗೆ ಕೆಲಸ ಆರಂಭಿಸಲಿದ್ದೇವೆ.

ಮೇಲಷ್ಟೇ ಸವರಿದರೆ ಲಂಟಾನ ಮತ್ತೆ ಚಿಗುರುವುದರಿಂದ, ಬುಡದ ಮಣ್ಣು ಬಿಡಿಸಿ, ಚಿಗುರೊಡೆಯುವ ಭಾಗದ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಲು ಬಿಡಬೇಕು; ಹಕ್ಕಿಗಳು ಹಣ್ಣು ತಿಂದು ಬೀಜ ಹರಡುವ ಮುನ್ನವೇ ಇದು ಮುಗಿಯಬೇಕು. ಮುಂಗುಸಿಗಳೂ ಓತಿಕ್ಯಾತಗಳೂ ಪೊದೆಯಲ್ಲಿ ಆಶ್ರಯ ಪಡೆದಿರುವುದರಿಂದ ಒಂದು ಅಂಚನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಬೆಂಕಿ ಹಚ್ಚುವ ಸಲಹೆ ದಯವಿಟ್ಟು ಬೇಡ.

ಗುದ್ದಲಿ, ಪಿಕಾಸಿ, ದಪ್ಪ ಕೈಗವಸು ಇರುವವರು ತರಬೇಕಾಗಿ ವಿನಂತಿ. ಹಾವುಗಳನ್ನು ಬಲ್ಲವರೊಬ್ಬರು ಜೊತೆಗಿರುವುದು ಅತ್ಯಗತ್ಯ. ಅಂಥವರು ಇಲ್ಲಿಯೇ ತಿಳಿಸಿರಿ.