ಕಾತರವೋ, ಕಾತುರವೋ?

ಮೊನ್ನೆ ಅಕ್ಕನಿಗೆ ಒಂದು ಮೆಸೇಜ್ ಹಾಕಿದೆ, 'ಡ್ಯೂನ್ ಮೂರನೇ ಸಿನಿಮಾಗೆ ಕಾತುರದಿಂದ ಕಾಯ್ತಾ ಇದ್ದೀನಿ' ಅಂತ. ಅವಳು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಸಿನಿಮಾ ಬಗ್ಗೆ ಒಂದು ಮಾತಿಲ್ಲ, 'ಕಾತುರ ಅಂತ ಪದ ಇಲ್ಲ ಕಣೋ, ಅದು ಕಾತರ' ಅಂತ ಉತ್ತರ ಬಂತು.

ಪೇಪರಿನಲ್ಲಿ, ಟೀವಿಯಲ್ಲಿ ಎಲ್ಲ ಕಡೆ ಕಾತುರ ಅಂತಲೇ ನೋಡಿದ್ದೇನೆ. ನನ್ನ ಊಹೆ ಏನೆಂದರೆ, ಕಾತರದ ಪಕ್ಕದಲ್ಲಿ ಆತುರ ಕೂತು ಕೂತು ಅದರ ಉಕಾರ ಇದಕ್ಕೂ ಅಂಟಿಕೊಂಡಿರಬೇಕು. ಇದನ್ನು ತಪ್ಪು ಅಂತ ತಿದ್ದಬೇಕಾ, ಅಥವಾ ಇಷ್ಟು ಜನ ಬಳಸಿದ ಮೇಲೆ ಅದೂ ಒಂದು ಪದವೇ ಅಲ್ವಾ?

ಅರ್ಥ ಹುಡುಕಲು ಹೋದಾಗ ಇನ್ನೂ ಮಜಾ ಬಂತು. ಸಂಸ್ಕೃತದಲ್ಲಿ ಕಾತರ ಅಂದರೆ ಹೆದರಿದವನು, ಧೈರ್ಯ ಕಳೆದುಕೊಂಡವನು. ಮರಾಠಿಯವರು ಮುಸ್ಸಂಜೆಗೆ ಕಾತರವೇಳ ಅನ್ನುತ್ತಾರೆ, ಮನಸ್ಸಿಗೆ ಏನೋ ಕಸಿವಿಸಿಯಾಗುವ ಹೊತ್ತು. ಆತುರ ಅಂದರೆ ಮೂಲದಲ್ಲಿ ಕಾಯಿಲೆಯವನು, ಆಯುರ್ವೇದದಲ್ಲಿ ರೋಗಿಗೆ ಇವತ್ತಿಗೂ ಅದೇ ಹೆಸರು. ಕನ್ನಡಕ್ಕೆ ಬಂದು ಒಂದು ತವಕವಾಯಿತು, ಇನ್ನೊಂದು ಅವಸರವಾಯಿತು.

ಆದರೆ ನನಗಿರುವುದು ಬರೀ ತವಕ ಅಲ್ಲ, ಆ ಹಳೇ ಹೆದರಿಕೆಯೂ ಇದೆ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ಡ್ಯೂನ್ ಕಾದಂಬರಿ ಒಂದನ್ನೇ ಡೆನಿಸ್ ವಿಲ್ನೆವ್ 2021 ಮತ್ತು 2024ರಲ್ಲಿ ಎರಡು ಸಿನಿಮಾ ಮಾಡಿದರು. 2026ರ ಡಿಸೆಂಬರ್‌ಗೆ ಅಂತ ಹೇಳಿರುವುದು 1969ರ ಎರಡನೇ ಕಾದಂಬರಿ ಡ್ಯೂನ್ ಮೆಸೈಯ ಕಥೆ. ತೊಂದರೆ ಇರುವುದೇ ಇಲ್ಲಿ. ಮೊದಲ ಕಾದಂಬರಿಯ ಕೊನೆಯಲ್ಲಿ ನಾಯಕ ಪಾಲ್ ರಾಜಕೀಯಕ್ಕೋಸ್ಕರ ಚಕ್ರವರ್ತಿಯ ಮಗಳನ್ನು ಮದುವೆಯಾಗಲು ಒಪ್ಪಿದರೂ ಅವನ ಪ್ರೇಯಸಿ ಚಾನಿ ಅವನ ಜೊತೆಯಲ್ಲೇ ಉಳಿಯುತ್ತಾಳೆ, ಸಿನಿಮಾದಲ್ಲಿ ಮುಖ ತಿರುಗಿಸಿಕೊಂಡು ಮರಳುಗಾಡಿಗೆ ಹೊರಟೇ ಹೋಗುತ್ತಾಳೆ. ಪುಸ್ತಕದಲ್ಲಿ ಖಳನಾಯಕ ಬ್ಯಾರನ್‌ನನ್ನು ಕೊಲ್ಲುವುದು ಪಾಲ್‌ನ ಪುಟ್ಟ ತಂಗಿ ಆಲಿಯಾ, ಸಿನಿಮಾದಲ್ಲಿ ಅವಳಿನ್ನೂ ಹುಟ್ಟೇ ಇಲ್ಲ! ಎರಡನೇ ಕಾದಂಬರಿ ಶುರುವಾಗುವುದು 12 ವರ್ಷ ಆದಮೇಲೆ, ಚಾನಿ ಪಾಲ್ ಜೊತೆಯಲ್ಲೇ ಇರುತ್ತಾಳೆ. ಹೋದವಳನ್ನು ಹೇಗೆ ವಾಪಸ್ ಕರೆತರುತ್ತಾರೋ, ಇಲ್ಲ ಕಥೆಯನ್ನೇ ಬದಲಾಯಿಸುತ್ತಾರೋ ಅಂತ ನಾಲ್ಕು ಸಲ ಓದಿದವನಿಗೆ ಹೊಟ್ಟೆಯಲ್ಲಿ ತಳಮಳ. (ನಾಗರಹಾವು ಸಿನಿಮಾ ನೋಡಿ ಕಾದಂಬರಿ ಬರೆದ ತರಾಸು ಇದು ಕೇರೆಹಾವು ಅಂದಿದ್ದರಂತೆ. ನಾನು ಬರೀ ಓದುಗ, ಆದರೂ ಆ ಸಿಟ್ಟು ಅರ್ಥವಾಗುತ್ತದೆ.)

ಇದಕ್ಕೆ ನಿರೀಕ್ಷೆ ಸಪ್ಪೆ. 'ಬಹುನಿರೀಕ್ಷಿತ ಚಿತ್ರ' ಅಂತೂ ಪೋಸ್ಟರ್ ಮಾತು. ಕುತೂಹಲ ಕಥೆ ಗೊತ್ತಿಲ್ಲದವರಿಗೆ, ನನಗೆ ಪೂರ್ತಿ ಗೊತ್ತು. ಆತಂಕ ಅಂದರೆ ಖುಷಿಯೇ ಇಲ್ಲ ಅನ್ನಿಸುತ್ತದೆ. ನಮ್ಮ ಧಾರವಾಡದ ಗೆಳೆಯ 'ಹಾದಿ ನೋಡಾಕತ್ತೀನಿ' ಅನ್ನುತ್ತಾನೆ, ಚೆನ್ನಾಗಿದೆ, ಆದರೆ ಅದರಲ್ಲಿ ಭಯ ಇಲ್ಲ. ಆಸೆ, ಅಂಜಿಕೆ ಎರಡೂ ಒಟ್ಟಿಗೆ ಇರುವುದು ಕಾತರದಲ್ಲಿ ಮಾತ್ರ ಅಂತ ಈಗ ಅನ್ನಿಸುತ್ತಿದೆ, ಅಕ್ಕನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಕಡೆ ಕಾತರ ಅಂದಾಗ ಆ ಅಂಜಿಕೆ ಕಿವಿಗೆ ಬೀಳುತ್ತದಾ, ಇಲ್ಲ ಬರೀ ತವಕವಾ? ಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ ಹೇಳಿ, ಬರವಣಿಗೆಯಲ್ಲಿ ಬರದಿದ್ದರೂ ಪರವಾಗಿಲ್ಲ.